ಬೆಳಿಗ್ಗೆ ಬಂದು ಸಂಜೆ ಮನೆಗೆ ಮರಳುವ ಮಗುವಿಗೆ ಯಾವ ಅನಿಲ? ಉಸಿರಿನ ಅರಿವಳಿಕೆಗಳ ಒಂದು ಹೋಲಿಕೆ

ಗೋಕಾಕದ ಕಡೆಯಿಂದ ನಸುಕಿನ ಬಸ್ಸು ಹಿಡಿದು ಬಂದು, ಬೆಳಗಾವಿಯ ಆಸ್ಪತ್ರೆಯ ಕಟ್ಟೆಯ ಮೇಲೆ ಅಪ್ಪನ ತೊಡೆಗೆ ಒರಗಿ ಕೂತಿರುವ ನಾಲ್ಕು ವರ್ಷದ ಹುಡುಗನಿಗೆ ಆ ದಿನ ಆಗಬೇಕಾದದ್ದು ಇಪ್ಪತ್ತು ನಿಮಿಷದ ಹರ್ನಿಯಾ ಆಪರೇಷನ್. ಸಂಜೆಯ ಬಸ್ಸಿಗೆ ಅವನು ಊರಿಗೆ ಮರಳಬೇಕು. ಅರಿವಳಿಕೆ ಕೊಡುವ ನನ್ನನ್ನು ತಾಯಿ ಕೇಳುವುದು ಹೊಲಿಗೆಯ ಬಗ್ಗೆಯಾಗಲಿ ಗಾಯದ ಬಗ್ಗೆಯಾಗಲಿ ಅಲ್ಲ. “ಭೂಲ್ ಕೊಡತೀರಲ್ರಿ, ಮತ್ತ ಮೊದಲಿನಂಗ ಏಳತಾನ ಹೌದಲ್ರಿ?” ಎಂಬ ಒಂದೇ ಪ್ರಶ್ನೆ. ಮರಾಠಿ ಬೆರೆತ ನಮ್ಮ ಸೀಮೆಯ ಮಾತಿನಲ್ಲಿ ಅರಿವಳಿಕೆಗೆ ಇರುವ ಹೆಸರು ‘ಭೂಲ್’. ಆ ಭೂಲ್ ಯಾವುದು, ಅದನ್ನು ಏಕೆ ಆರಿಸಲಾಯಿತು, ಬೇರೆ ಯಾವುದು ಸಾಧ್ಯವಿತ್ತು ಎಂಬುದನ್ನು ಸಣ್ಣ ನರ್ಸಿಂಗ್ ಹೋಂ ನಡೆಸುವ ಶಸ್ತ್ರವೈದ್ಯರಿಗೂ, ಈ ಕೆಲಸಕ್ಕೆ ಹೊಸದಾಗಿ ಬಂದ ಕಿರಿಯರಿಗೂ, ತಿಳಿದುಕೊಳ್ಳುವ ಆಸ್ಥೆಯುಳ್ಳ ಪಾಲಕರಿಗೂ ಒಟ್ಟಿಗೆ ಹೇಳುವ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ.

ಮಕ್ಕಳನ್ನು ಆಪರೇಷನ್ ಮಾಡಿದ ದಿನವೇ ಮನೆಗೆ ಕಳಿಸುವುದು ಹೊಸ ಪದ್ಧತಿಯೆಂದು ಹಲವರು ತಿಳಿದಿದ್ದಾರೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜೇಮ್ಸ್ ನಿಕಾಲ್ ಎಂಬ ಶಸ್ತ್ರವೈದ್ಯರು ಹೀಗೆ ಮಾಡಿದ 8,988 ಆಪರೇಷನ್‌ಗಳ ವರದಿಯನ್ನು 1909ರಲ್ಲಿಯೇ ಮಂಡಿಸಿದ್ದರು. ತಾಯಿಯ ಮಗ್ಗುಲಲ್ಲಿ ಮಗು ಬೇಗ ಚೇತರಿಸಿಕೊಳ್ಳುತ್ತದೆ ಎಂಬುದು ಅವರ ವಾದವಾಗಿತ್ತು. ಆಗಿಗೂ ಈಗಿಗೂ ವ್ಯತ್ಯಾಸವಿರುವುದು ಅನಿಲಗಳಲ್ಲಿ.

ಹೋಲಿಸಲು ಬೇಕಾದ ಅಳತೆಗೋಲು

ಶಸ್ತ್ರಚಿಕಿತ್ಸೆ ನಡೆಯುವ ನಡುವಿನ ಹೊತ್ತಿನಲ್ಲಿ ಈ ಅನಿಲಗಳೆಲ್ಲ ಹೆಚ್ಚುಕಡಿಮೆ ಒಂದೇ ತೆರನಾಗಿ ಮಗುವನ್ನು ಮಲಗಿಸಿಡುತ್ತವೆ. ಅವುಗಳ ಗುಣಾವಗುಣ ಬಯಲಿಗೆ ಬರುವುದು ಎರಡು ತುದಿಗಳಲ್ಲಿ, ಅಂದರೆ ನಿದ್ದೆಗೆ ಜಾರುವ ಮೊದಲ ಮೂರು ನಿಮಿಷ ಮತ್ತು ಎಚ್ಚರಗೊಳ್ಳುವ ಕೊನೆಯ ಅರ್ಧ ಗಂಟೆಯಲ್ಲಿ. ದೊಡ್ಡವರಿಗಾದರೆ ಕೈಯ ನರಕ್ಕೆ ಸೂಜಿ ಹಾಕಿ ಪ್ರೊಪೊಫಾಲ್ ಎಂಬ ನಿದ್ದೆಯ ಔಷಧ ಕೊಟ್ಟು ಮೊದಲ ತುದಿಯನ್ನು ದಾಟಿಬಿಡುತ್ತೇವೆ. ಸೂಜಿ ಕಂಡೊಡನೆ ಆಸ್ಪತ್ರೆಯನ್ನೇ ತಲೆಯ ಮೇಲೆ ಹೊರುವ ಮೂರು ವರ್ಷದ ಮಗುವಿಗೆ ಮುಖವಾಡದ ಮೂಲಕ ಉಸಿರಿನಲ್ಲೇ ಕೊಡುವುದು ಸಲೀಸು. ಆದ್ದರಿಂದ ಮೊದಲ ಪ್ರಶ್ನೆ ವಾಸನೆಯದು: ಆ ಅನಿಲ ಮೂಗಿಗೆ ಘಾಟು ಹೊಡೆಯುತ್ತದೆಯೇ?

ಎರಡನೆಯದು, ಅದು ರಕ್ತದಲ್ಲಿ ಎಷ್ಟು ಕರಗುತ್ತದೆ ಎಂಬುದು. ಹೆಚ್ಚು ಕರಗುವ ಅನಿಲವೇ ಬೇಗ ನಿದ್ದೆ ತರಬೇಕು ಎಂದು ಮೇಲ್ನೋಟಕ್ಕೆ ಅನಿಸುತ್ತದೆ, ಆದರೆ ನಿಜ ಅದಕ್ಕೆ ತಿರುಗುಮುರುಗಾಗಿದೆ. ಹೊಸ ಮಣ್ಣಿನ ಗಡಿಗೆಗೆ ನೀರು ಹಾಕಿದರೆ ಮೊದಲು ಗಡಿಗೆಯೇ ನೀರು ಕುಡಿಯುತ್ತದೆ, ಅದರ ದಾಹ ತೀರಿದ ಮೇಲಷ್ಟೇ ನೀರು ಮೇಲೇರುತ್ತದೆ. ರಕ್ತವೂ ಹಾಗೆಯೇ, ಅನಿಲವನ್ನು ಹೆಚ್ಚು ಕುಡಿಯುವ ರಕ್ತ ಮಿದುಳಿಗೆ ತಲುಪಬೇಕಾದ ಒತ್ತಡವನ್ನು ತಡಮಾಡುತ್ತದೆ, ಎಚ್ಚರಗೊಳ್ಳುವಾಗಲೂ ಕುಡಿದದ್ದನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಇಲ್ಲಿ ಹೋಲಿಸುವ ಐದು ಅನಿಲಗಳಲ್ಲಿ ಈ ಕರಗುವಿಕೆಯ ಅಂಕಿ ಹ್ಯಾಲೋಥೇನಿಗೆ ಸುಮಾರು 2.4, ಐಸೋಫ್ಲೂರೇನಿಗೆ 1.4, ಸೆವೋಫ್ಲೂರೇನಿಗೆ 0.65, ನೈಟ್ರಸ್ ಆಕ್ಸೈಡಿಗೆ 0.47, ಡೆಸ್ಫ್ಲೂರೇನಿಗೆ 0.42. ಅಂಕಿ ಇಳಿದಷ್ಟೂ ನಿದ್ದೆಯೂ ಎಚ್ಚರವೂ ಚುರುಕು.

ಮೂರನೆಯದು ‘ಮ್ಯಾಕ್’ ಎಂಬ ಅಳತೆ. ಚರ್ಮಕ್ಕೆ ಚಾಕು ತಾಗಿದಾಗ ನೂರರಲ್ಲಿ ಐವತ್ತು ರೋಗಿಗಳು ಅಲುಗಾಡದಿರಲು ಶ್ವಾಸಕೋಶದಲ್ಲಿ ಇರಬೇಕಾದ ಅನಿಲದ ಪ್ರಮಾಣ ಅದು. ಮಕ್ಕಳಿಗೆ ದೊಡ್ಡವರಿಗಿಂತ ಹೆಚ್ಚು ಬೇಕು. ಸೆವೋಫ್ಲೂರೇನ್ ದೊಡ್ಡವರಿಗೆ 2 ಶೇಕಡಾ ಸಾಕಾದರೆ, ಆರು ತಿಂಗಳಿಂದ ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ 2.5, ಅದಕ್ಕಿಂತ ಚಿಕ್ಕ ಕೂಸುಗಳಿಗೆ 3.2ರ ಹತ್ತಿರ ಬೇಕಾಗುತ್ತದೆ. ದೊಡ್ಡವರ ಲೆಕ್ಕವನ್ನೇ ಹಿಡಿದು ಡಯಲ್ ತಿರುಗಿಸುವ ಕಿರಿಯರು ಮೊದಲ ತಿಂಗಳಲ್ಲಿ ಎಡವುವುದು ಇಲ್ಲಿಯೇ; ಮಗು ಮಲಗಿದಂತೆ ಕಾಣುತ್ತದೆ, ಚಾಕು ತಾಗಿದೊಡನೆ ಕಾಲು ಎಳೆದುಕೊಳ್ಳುತ್ತದೆ.

ಹ್ಯಾಲೋಥೇನ್: ಹಳೆಯ ಸ್ನೇಹಿತ, ಆದರೆ

ನಾನು ಕಲಿತದ್ದು ಕೆಂಪು ಗುರುತಿನ ವೇಪೊರೈಸರಿನ ಮೇಲೆ, ಅಂದರೆ ದ್ರವವನ್ನು ಆವಿಯಾಗಿಸಿ ಅಳತೆಯಲ್ಲಿ ಬಿಡುವ ಡಬ್ಬಿಯ ಮೇಲೆ. 1951ರಲ್ಲಿ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಸಕ್ಲಿಂಗ್ ತಯಾರಿಸಿದ, 1956ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲು ರೋಗಿಗಳಿಗೆ ಬಳಕೆಯಾದ ಹ್ಯಾಲೋಥೇನ್ ನಮ್ಮ ಜಿಲ್ಲೆಗಳ ಮಕ್ಕಳನ್ನು ದಶಕಗಳ ಕಾಲ ಮಲಗಿಸಿದೆ. ಅದರ ವಾಸನೆ ಸಿಹಿ, ಮೂಗಿಗೆ ಘಾಟಿಲ್ಲ, ಕೆಮ್ಮು ತರಿಸುವುದಿಲ್ಲ, ಎಚ್ಚರವಾಗುವಾಗ ಮಗು ಮಂಕಾಗಿದ್ದರೂ ಶಾಂತವಾಗಿರುತ್ತದೆ. ಒಂದು ಶೇಕಡಾದಷ್ಟು ಕೊಟ್ಟರೆ ಸಾಕಾಗುವುದರಿಂದ ಬಾಟಲಿಯೂ ಬಾಳಿಕೆ ಬರುತ್ತದೆ. ಇಷ್ಟೆಲ್ಲ ಇದ್ದರೂ ಇಂದು ಕೈಯಲ್ಲಿ ಬೇರೆ ದಾರಿ ಇರುವಾಗ ಅದನ್ನು ಆರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣ ಹೃದಯ. ಹ್ಯಾಲೋಥೇನ್ ಹೃದಯದ ಬಡಿತವನ್ನೂ ಬಲವನ್ನೂ ಕುಗ್ಗಿಸುತ್ತದೆ, ಜೊತೆಗೆ ಅಡ್ರಿನಲಿನ್‌ಗೆ ಹೃದಯವನ್ನು ಅತಿ ಸೂಕ್ಷ್ಮವಾಗಿಸುತ್ತದೆ. ಶಸ್ತ್ರವೈದ್ಯರು ರಕ್ತ ಸೋರದಿರಲೆಂದು ಅಡ್ರಿನಲಿನ್ ಬೆರೆಸಿದ, ಜಾಗವನ್ನು ಮರಗಟ್ಟಿಸುವ ಲಿಗ್ನೊಕೇಯ್ನ್ ಚುಚ್ಚಿದಾಗ, ಮಗು ಸರಿಯಾಗಿ ಉಸಿರಾಡದೆ ಇಂಗಾಲದ ಡೈಆಕ್ಸೈಡ್ ಏರಿದಾಗ, ಹಲ್ಲಿನ ಕೆಲಸ ನಡೆಯುವಾಗ ಬಡಿತ ತಾಳ ತಪ್ಪುವುದನ್ನು ಮಾನಿಟರಿನ ಮೇಲೆ ಕಂಡವರಿಗೆ ಆ ಗೆರೆ ಮರೆಯುವುದಿಲ್ಲ. ಎರಡನೆಯ ಕಾರಣ ಯಕೃತ್ತು: ಕೊಟ್ಟ ಹ್ಯಾಲೋಥೇನಿನಲ್ಲಿ ಸುಮಾರು ಐದನೆಯ ಒಂದು ಪಾಲು ದೇಹದಲ್ಲೇ ಒಡೆಯುತ್ತದೆ, ಮತ್ತೆ ಮತ್ತೆ ಕೊಟ್ಟಾಗ ಅಪರೂಪಕ್ಕೆ ಯಕೃತ್ತು ಪೂರ್ತಿ ಹಾಳಾಗುವ ಭಯವಿದೆ. ಮಕ್ಕಳಲ್ಲಿ ಇದು ದೊಡ್ಡವರಿಗಿಂತ ಬಹಳ ವಿರಳ ಎಂಬುದೂ ನಿಜ. ಹಾಗಾಗಿ ಹಿಂದೊಮ್ಮೆ ಹ್ಯಾಲೋಥೇನ್ ಪಡೆದ ಮಗುವಿನ ಪಾಲಕರು ಈಗ ಗಾಬರಿಪಡಬೇಕಿಲ್ಲ. ದಿನದ ಆಪರೇಷನ್ನಿಗೆ ಮೂರನೆಯ ಅಡ್ಡಿ ಆ ಮಂಕು: ಎದ್ದರೂ ಮತ್ತೆ ಮತ್ತೆ ತೂಕಡಿಸುವ ಮಗುವನ್ನು ಬಸ್ಸು ಹತ್ತಿಸುವುದು ಹೇಗೆ?

ಸೆವೋಫ್ಲೂರೇನ್: ಮೊದಲ ಆಯ್ಕೆ, ಅದರ ಕಿರಿಕಿರಿಯ ಸಮೇತ

ಜಪಾನಿನಲ್ಲಿ 1990ರಲ್ಲಿ, ಅಮೆರಿಕದಲ್ಲಿ 1995ರಲ್ಲಿ ಒಪ್ಪಿಗೆ ಪಡೆದ ಈ ಅನಿಲಕ್ಕೆ ಘಾಟಿಲ್ಲ, ಕರಗುವಿಕೆ ಕಡಿಮೆ, ಹೃದಯದ ಮೇಲಿನ ಹೊರೆ ಹ್ಯಾಲೋಥೇನಿಗಿಂತ ಹಗುರ. ಈ ಮೂರೂ ಒಂದೇ ಬಾಟಲಿಯಲ್ಲಿ ಸಿಗುವುದು ಇದರಲ್ಲಿ ಮಾತ್ರ. ಹಳದಿ ಗುರುತಿನ ವೇಪೊರೈಸರಿನ ಡಯಲ್ 8 ಶೇಕಡಾದವರೆಗೆ ಹೋಗುತ್ತದೆ. ಮಗುವನ್ನು ಅಪ್ಪನ ತೊಡೆಯ ಮೇಲೆಯೇ ಕೂರಿಸಿ, ಸರ್ಕಿಟ್ಟಿನ, ಅಂದರೆ ಅನಿಲವನ್ನು ಮುಖವಾಡಕ್ಕೆ ತರುವ ಕೊಳವೆಗಳ ಚೀಲವನ್ನು ತೋರಿಸಿ, “ಈ ಬಲೂನ ಊದು ನೋಡೋಣ, ಜಾತ್ರ್ಯಾಗಿನಕಿಂತಾ ದೊಡ್ಡದ ಮಾಡತೀ ಏನ?” ಎಂದು ಪುಸಲಾಯಿಸಿದರೆ ಐದಾರು ಉಸಿರಿಗೆ ಕಣ್ಣು ತೇಲುತ್ತದೆ, ಒಂದು ನಿಮಿಷದ ಆಸುಪಾಸಿನಲ್ಲಿ ರೆಪ್ಪೆಯ ಅಲುಗಾಟ ನಿಲ್ಲುತ್ತದೆ. ಅದಾದ ಮೇಲೆ ಒಂದೆರಡು ನಿಮಿಷ ಮಗು ಕೈಕಾಲು ಆಡಿಸಬಹುದು, ಗೊರಕೆಯ ಸದ್ದು ಮಾಡಬಹುದು, ಕಣ್ಣುಗುಡ್ಡೆ ತಿರುಗಿಸಬಹುದು. ಅದು ಒದ್ದಾಟವಲ್ಲ, ನಿದ್ದೆಯ ಮೊದಲ ಮೆಟ್ಟಿಲು. ಮಗುವಿಗೆ ಅದರ ನೆನಪೂ ಉಳಿಯುವುದಿಲ್ಲ. ಒಳಗೆ ಬಂದ ತಂದೆಯರಿಗೆ ಇದನ್ನು ಮೊದಲೇ ಹೇಳದಿದ್ದರೆ ಅವರೇ ಬವಳಿ ಬಂದು ಬೀಳುವುದುಂಟು. ಒಮ್ಮೆ ಹಾಗಾಗಿ, ಮಗನಿಗಿಂತ ಮೊದಲು ಅಪ್ಪನನ್ನು ಮಲಗಿಸಬೇಕಾಯಿತು.

ಡೌನ್ ಸಿಂಡ್ರೋಮ್ ಇರುವ ಮಗುವಿಗೆ ಮಾತ್ರ 8 ಶೇಕಡಾಕ್ಕೆ ಒಮ್ಮೆಲೇ ತಿರುಗಿಸಬಾರದು. ಅಂಥ ಮಕ್ಕಳಲ್ಲಿ ಸೆವೋಫ್ಲೂರೇನಿನಿಂದಲೂ ಹೃದಯದ ಬಡಿತ ಗಮನಾರ್ಹವಾಗಿ ಇಳಿಯುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಬಡಿತ ಏರಿಸುವ ಅಟ್ರೊಪಿನ್ ಸಿರಿಂಜನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳಬೇಕು.

ಇನ್ನು ಕಿರಿಕಿರಿಯ ಮಾತು. ಕಳೆದ ವರ್ಷ ಬಾಗಲಕೋಟೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ, ಮೂರೂವರೆ ವರ್ಷದ ಹುಡುಗಿಯೊಬ್ಬಳು ಟಾನ್ಸಿಲ್ ಆಪರೇಷನ್ ಮುಗಿದು ಹತ್ತು ನಿಮಿಷಕ್ಕೆ ಕಣ್ಣು ಬಿಟ್ಟಳು. ಮುಂದಿನ ಕ್ಷಣ ಬೆನ್ನು ಬಿಲ್ಲಿನಂತೆ ಬಾಗಿಸಿ, ಸಲೈನಿನ ಪಟ್ಟಿ ಕಿತ್ತು, ಕಂಡವರನ್ನೆಲ್ಲ ಒದೆಯತೊಡಗಿದಳು. ತಾಯಿಯ ತೋಳಲ್ಲಿದ್ದುಕೊಂಡೇ “ಅವ್ವಾ, ಅವ್ವಾ” ಎಂದು ಕೂಗುತ್ತಿದ್ದಳು. ಕಣ್ಣು ತಾಯಿಯ ಮುಖದ ಮೇಲೆ ನಿಲ್ಲುತ್ತಿರಲಿಲ್ಲ. “ಸಾಹೇಬ್ರ, ಕೂಸು ನನ್ನ ಗುರ್ತ ಹಿಡೀವಲ್ದು” ಎಂದು ತಾಯಿ ಅಳತೊಡಗಿದರೆ, ಅಜ್ಜಿ ಸೆರಗಿನ ಗಂಟಿನಿಂದ ಉಪ್ಪು, ಮೆಣಸಿನಕಾಯಿ ತೆಗೆದು ದೃಷ್ಟಿ ನಿವಾಳಿಸಿದರು. ಕಾಲು ಗಂಟೆಯಲ್ಲಿ ಹುಡುಗಿ ತಣ್ಣಗಾಗಿ ನೀರು ಕೇಳಿದಳು. ನಿವಾಳಿಸಿದ್ದರಿಂದಲೇ ಆಯಿತು ಎಂದು ಅಜ್ಜಿ ನಂಬಿದರು, ನಾನು ವಾದಕ್ಕೆ ಇಳಿಯಲಿಲ್ಲ. ಆದರೆ ಆ ಸನ್ನಿಯ ಬಗ್ಗೆ ತಾಯಿಗೆ ಮೊದಲೇ ಒಂದು ಮಾತು ಹೇಳದೇ ಹೋದದ್ದು ನನ್ನ ತಪ್ಪಾಗಿತ್ತು.

ಇದನ್ನು ಎಚ್ಚರದ ಹೊತ್ತಿನ ಕೆರಳು ಎನ್ನಬಹುದು. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಹೆಚ್ಚು. ಹೆಚ್ಚಿನ ಸಲ ಐದು ನಿಮಿಷದಿಂದ ಅರ್ಧ ಗಂಟೆಯೊಳಗೆ ತಾನಾಗಿಯೇ ಇಳಿಯುತ್ತದೆ, ಮಿದುಳಿಗೆ ಪೆಟ್ಟು ಬಿದ್ದ ಲಕ್ಷಣವಲ್ಲ. ನೋವಿನಿಂದಲೂ ಮಗು ಕೂಗಬಹುದಾದ್ದರಿಂದ ಎರಡನ್ನೂ ಬೇರ್ಪಡಿಸಲು ಮಗು ಕಣ್ಣಿಗೆ ಕಣ್ಣು ಕೂಡಿಸುತ್ತದೆಯೇ, ಹೇಳಿದ್ದನ್ನು ಕೇಳುತ್ತದೆಯೇ, ಸುತ್ತಲಿನ ಪರಿವೆ ಇದೆಯೇ ಎಂದು ನೋಡುತ್ತೇವೆ. ನೋವಿರುವ ಮಗು ಅಳುತ್ತ ಅಮ್ಮನನ್ನು ಅಪ್ಪುತ್ತದೆ, ಕೆರಳಿದ ಮಗು ಅಮ್ಮನನ್ನೇ ತಳ್ಳುತ್ತದೆ. ಹ್ಯಾಲೋಥೇನಿಗಿಂತ ಸೆವೋಫ್ಲೂರೇನಿನಲ್ಲಿ ಇದು ಹೆಚ್ಚೆಂಬುದು ನಿಜ. ಆದರೆ ಐಸೋಫ್ಲೂರೇನಿಗೋ ಡೆಸ್ಫ್ಲೂರೇನಿಗೋ ಬದಲಿಸಿದರೆ ತಪ್ಪೀತೆಂದು ನಂಬುವ ಹಾಗಿಲ್ಲ, ಅವುಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕೆಲಸ ಮುಗಿಯುವ ಹೊತ್ತಿಗೆ ಕಿಲೋಗೆ 1 ಮಿಲಿಗ್ರಾಂ ಪ್ರೊಪೊಫಾಲ್, ಇಲ್ಲವೇ ನಡುವಿನಲ್ಲಿ ಸ್ವಲ್ಪ ಡೆಕ್ಸ್‌ಮೆಡಿಟೊಮಿಡಿನ್ ಎಂಬ ಶಾಂತಗೊಳಿಸುವ ಔಷಧ ಅಥವಾ ಫೆಂಟನಿಲ್ ಎಂಬ ನೋವುನಿವಾರಕ ಕೊಡುವುದು ಅನಿಲ ಬದಲಿಸುವುದಕ್ಕಿಂತ ಫಲಕಾರಿ. ಹರ್ನಿಯಾ, ಹೈಡ್ರೋಸೀಲ್, ಸುನ್ನತಿಯಂಥ ಕೆಳಹೊಟ್ಟೆಯ ಕೆಲಸಗಳಿಗೆ ಕಾಡಲ್ ಬ್ಲಾಕ್ ಹಾಕಿದರೆ ಮಗು ನೋವಿಲ್ಲದೆ ಏಳುವುದಷ್ಟೇ ಅಲ್ಲ, ಅನಿಲವೂ ಕಡಿಮೆ ಸಾಕಾಗುತ್ತದೆ. ಬೆನ್ನಿನ ಬುಡದಲ್ಲಿ, ಮಲಗಿದ ಮಗುವಿಗೆ ಕೊಡುವ ಈ ಒಂದು ಚುಚ್ಚುಮದ್ದು ನನ್ನ ಮಟ್ಟಿಗೆ ಅರ್ಧ ಅರಿವಳಿಕೆಗೆ ಸಮ.

ಐಸೋಫ್ಲೂರೇನ್ ಮತ್ತು ಡೆಸ್ಫ್ಲೂರೇನ್

ಇವೆರಡೂ ಘಾಟಿನ ಅನಿಲಗಳು, ಮುಖವಾಡದಿಂದ ಮಗುವನ್ನು ಮಲಗಿಸಲು ಸಲ್ಲದವು. ಇದನ್ನು ಪುಸ್ತಕದಲ್ಲಿ ಓದಿಯೂ ಒಮ್ಮೆ ಕೆಟ್ಟೆ. ಹಲವು ವರ್ಷಗಳ ಹಿಂದೆ, ಹೆಸರು ಬೇಡದ ಒಂದು ನರ್ಸಿಂಗ್ ಹೋಂನಲ್ಲಿ ಪಟ್ಟಿಯ ಮೂರನೆಯ ಮಗುವಿನ ಹೊತ್ತಿಗೆ ಸೆವೋಫ್ಲೂರೇನ್ ಬಾಟಲಿ ಬರಿದಾಗಿತ್ತು; ಇನ್ನೊಂದು ತರಿಸಿದ್ದೇವೆ, ದಾರಿಯಲ್ಲಿದೆ ಎಂದರು. ನಾಲ್ಕು ವರ್ಷದ ಹುಡುಗ ಹಸಿದು ಅಳುತ್ತಿದ್ದ. ಮಗುವಿಗೆ ಗೊತ್ತಾಗದ ಹಾಗೆ ನಿಧಾನವಾಗಿ ಐಸೋಫ್ಲೂರೇನ್ ಏರಿಸಿದರಾಯಿತು ಎಂದುಕೊಂಡು ಶುರುಮಾಡಿದೆ. ಕೆಮ್ಮಿದ, ಉಸಿರು ಹಿಡಿದ, ಗಂಟಲ ಧ್ವನಿಪೆಟ್ಟಿಗೆ ಬಿಗಿದುಕೊಂಡಿತು. ಚೀಲವನ್ನು ಒತ್ತಿದರೆ ಗೋಡೆಯನ್ನು ಒತ್ತಿದಂತೆ. ರಕ್ತದಲ್ಲಿನ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರಿನ ಸ್ವರ ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತ ಎಪ್ಪತ್ತರ ಅಂಕಿಗಳಿಗೆ ಬಂತು. ದವಡೆ ಮುಂದೆ ಎತ್ತಿ, ಶುದ್ಧ ಆಮ್ಲಜನಕವನ್ನು ಒತ್ತಡದಲ್ಲಿ ಹಿಡಿದು, ಪುಣ್ಯಕ್ಕೆ ಸಹಾಯಕಿ ಅಷ್ಟರಲ್ಲಿ ಹಾಕಿದ್ದ ಸೂಜಿಯಿಂದ ಔಷಧ ಕೊಟ್ಟ ಮೇಲೆ ಗಂಟಲು ಸಡಿಲಿತು. ಹುಡುಗ ಸಂಜೆ ನಗುತ್ತ ಮನೆಗೆ ಹೋದ. ಬಾಟಲಿ ಬರುವ ತನಕ ಒಂದು ಗಂಟೆ ಕಾಯುವುದು ಅಂದಿನ ಸರಿಯಾದ ಆಯ್ಕೆಯಾಗಿತ್ತು.

ಐಸೋಫ್ಲೂರೇನಿಗೆ ಸಲ್ಲುವ ಜಾಗವೊಂದಿದೆ. ಸೆವೋಫ್ಲೂರೇನಿನಿಂದ ಮಲಗಿಸಿ, ಉಸಿರಿನ ಕೊಳವೆ ಹಾಕಿದ ಮೇಲೆ, ಕೆಲಸ ಒಂದು ಗಂಟೆ ಮೀರುವುದಾದರೆ, ನೇರಳೆ ಗುರುತಿನ ಈ ವೇಪೊರೈಸರಿಗೆ ಬದಲಾಯಿಸಿಕೊಂಡರೆ ಖರ್ಚು ಉಳಿಯುತ್ತದೆ. ಮಕ್ಕಳಿಗೆ 1.6 ಶೇಕಡಾ ಸಾಕು, ದೇಹದಲ್ಲಿ ಒಡೆಯುವುದು 0.2 ಶೇಕಡಾದಷ್ಟೇ. ಇಪ್ಪತ್ತು ನಿಮಿಷದ ಕೆಲಸಕ್ಕೆ ಈ ಬದಲಾವಣೆಯ ತಾಪತ್ರಯದಲ್ಲಿ ಅರ್ಥವಿಲ್ಲ.

ಡೆಸ್ಫ್ಲೂರೇನ್ ಕಾಗದದ ಮೇಲೆ ಎಲ್ಲಕ್ಕಿಂತ ಚುರುಕು. ಅದು ಕುದಿಯುವುದು 22.8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಏಪ್ರಿಲ್ ತಿಂಗಳ ವಿಜಯಪುರದಲ್ಲಿ ನೆರಳೇ ನಲವತ್ತು ದಾಟುವಾಗ ಅದು ತೆರೆದ ಬಾಟಲಿಯಲ್ಲಿ ನಿಲ್ಲುವ ದ್ರವವೇ ಅಲ್ಲ. ಹೀಗಾಗಿ ಅದಕ್ಕೆ ವಿದ್ಯುತ್ತಿನಿಂದ ಕಾದು, ಒತ್ತಡದಲ್ಲಿ ಆವಿ ಬಿಡುವ ವಿಶೇಷ ವೇಪೊರೈಸರ್ ಬೇಕು. ಮಕ್ಕಳಿಗೆ 8ರಿಂದ 9 ಶೇಕಡಾ ಬೇಕಾಗುವುದರಿಂದ ಖರ್ಚೂ ಏರುತ್ತದೆ. ಮಗು ಬೇಗ ಎಚ್ಚರಗೊಳ್ಳುವುದು ನಿಜ. ಆದರೆ ಉಳಿಯುವುದು ಕೆಲವೇ ನಿಮಿಷ, ಮತ್ತು ಮನೆಗೆ ಹೋಗುವ ಹೊತ್ತು ಆ ಕೆಲವು ನಿಮಿಷದಿಂದ ಬದಲಾಗುವುದಿಲ್ಲ, ಏಕೆಂದರೆ ಬಸ್ಸು ಇರುವುದು ಐದಕ್ಕೇ. ವಾತಾವರಣವನ್ನು ಬಿಸಿಮಾಡುವ ಗುಣ ಇದರಲ್ಲಿ ಇಂಗಾಲದ ಡೈಆಕ್ಸೈಡಿನ ಎರಡೂವರೆ ಸಾವಿರ ಪಟ್ಟು. ಸ್ಕಾಟ್ಲೆಂಡ್ 2023ರಲ್ಲಿ ಇದನ್ನು ಕೈಬಿಟ್ಟಿತು, ಯುರೋಪಿಯನ್ ಒಕ್ಕೂಟದ ನಿಯಮವು 2026ರ ಜನವರಿಯಿಂದ ಅನಿವಾರ್ಯ ಸಂದರ್ಭಗಳಿಗಷ್ಟೇ ಬಿಟ್ಟುಕೊಟ್ಟಿದೆ. ಅಂದೇ ಮನೆಗೆ ಮರಳುವ ನಮ್ಮ ಮಕ್ಕಳಿಗೆ ಇದನ್ನು ಕೊಳ್ಳಲು ಒಂದು ಕಾರಣವೂ ನನಗೆ ಕಾಣುವುದಿಲ್ಲ.

ನೈಟ್ರಸ್ ಆಕ್ಸೈಡ್

ನೀಲಿ ಸಿಲಿಂಡರಿನ ಈ ಅನಿಲ ಒಂಟಿಯಾಗಿ ಯಾರನ್ನೂ ಶಸ್ತ್ರಕ್ರಿಯೆಯ ಮಟ್ಟಕ್ಕೆ ಮಲಗಿಸಲಾರದು. ಅದರ ಮ್ಯಾಕ್ 105 ಶೇಕಡಾ, ಅಂದರೆ ಸಾಮಾನ್ಯ ಒತ್ತಡದಲ್ಲಿ ತಲುಪಲಾಗದ ಅಂಕಿ. ಒಳ್ಳೆಯ ಜೊತೆಗಾರ ಎಂಬುದಷ್ಟೇ ಅದರ ಹಿರಿಮೆ. ವಾಸನೆಯಿಲ್ಲದ ಕಾರಣ ಮೊದಲ ಒಂದು ನಿಮಿಷ ಇದನ್ನೇ ಆಮ್ಲಜನಕದೊಡನೆ ಉಸಿರಾಡಿಸಿ, ಮಗು ಮತ್ತೇರಿದಂತೆ ಮುಗುಳ್ನಗುವಾಗ ಸೆವೋಫ್ಲೂರೇನ್ ಏರಿಸಿದರೆ ಮುಖವಾಡದೊಡನೆ ಜಗಳವೇ ಇರುವುದಿಲ್ಲ. ಆದರೆ ಗಾಳಿ ತುಂಬಿದ ಮುಚ್ಚಿದ ಜಾಗಗಳಿಗೆ ಇದು ನುಗ್ಗಿ ಹಿಗ್ಗಿಸುತ್ತದೆ; ಕಿವಿಯ ತಮಟೆ ಕೂಡಿಸುವ ಕೆಲಸಕ್ಕೆ, ಕರುಳು ಕಟ್ಟಿದ ಮಗುವಿಗೆ ಬೇಡ. ಕೊನೆಯಲ್ಲಿ ನಿಲ್ಲಿಸಿದಾಗ ಅದು ಶ್ವಾಸಕೋಶಕ್ಕೆ ಒಮ್ಮೆಲೇ ಮರಳಿ ಆಮ್ಲಜನಕವನ್ನು ತೆಳುವಾಗಿಸುವುದರಿಂದ ಕೆಲವು ನಿಮಿಷ ಶುದ್ಧ ಆಮ್ಲಜನಕ ಕೊಡಲೇಬೇಕು. ಉಳಿದ ಅನಿಲವನ್ನು ಹೊರಗೆ ಸಾಗಿಸುವ ಕೊಳವೆಯೇ ಇಲ್ಲದ, ಕಿಟಕಿ ಮುಚ್ಚಿ ಏಸಿ ಹಾಕಿದ ಸಣ್ಣ ಥಿಯೇಟರಿನಲ್ಲಿ ದಿನವಿಡೀ ಇದನ್ನು ಹರಿಸಿದರೆ ಉಸಿರಾಡುವವರು ನಾವು ಮತ್ತು ನಮ್ಮ ನರ್ಸುಗಳು. ಅವರಲ್ಲಿ ಬಸುರಿಯರೂ ಇರುತ್ತಾರೆ. ನಾನು ಈಗ ಮೊದಲ ಎರಡು ನಿಮಿಷಕ್ಕೆ ಮಾತ್ರ ಬಳಸಿ ನಿಲ್ಲಿಸುತ್ತೇನೆ.

ಬಾಟಲಿಯ ಬೆಲೆಯಲ್ಲ, ಹರಿವಿನ ಲೆಕ್ಕ

“ಸೆವೋ ತುಟ್ಟಿ” ಎಂಬುದು ನರ್ಸಿಂಗ್ ಹೋಂ ಮಾಲೀಕರಿಂದ ನಾನು ಹೆಚ್ಚು ಕೇಳಿದ ಮಾತು. ಬಾಟಲಿಯ ಬೆಲೆ ನೋಡಿದರೆ ಹೌದು. ಆದರೆ ದ್ರವ ಎಲ್ಲಿ ಹೋಗುತ್ತಿದೆ ಎಂದು ಒಂದು ಸಲ ಕೂತು ಲೆಕ್ಕ ಹಾಕಿದರೆ ಚಿತ್ರ ಬದಲಾಗುತ್ತದೆ. ಒಂದು ಮಿಲಿಲೀಟರ್ ಸೆವೋಫ್ಲೂರೇನ್ ದ್ರವ ಆವಿಯಾದರೆ ಸುಮಾರು 182 ಮಿಲಿಲೀಟರ್ ಅನಿಲವಾಗುತ್ತದೆ. ಮಗುವನ್ನು ಮಲಗಿಸುವಾಗ ನಿಮಿಷಕ್ಕೆ 6 ಲೀಟರ್ ಹರಿವಿನಲ್ಲಿ 8 ಶೇಕಡಾವನ್ನು ಎರಡು ನಿಮಿಷ ಕೊಟ್ಟರೆ ಖರ್ಚಾಗುವುದು ಐದು ಮಿಲಿಲೀಟರಿನ ಆಸುಪಾಸು. ಆಮೇಲೆ ನಮ್ಮಲ್ಲಿ ರೂಢಿಯಲ್ಲಿರುವ ಜಾಕ್ಸನ್ ರೀಸ್ ಎಂಬ ಸರಳ ಸರ್ಕಿಟ್ಟಿನಲ್ಲಿ, ಬಿಟ್ಟ ಉಸಿರು ಮರಳಿ ಒಳಗೆ ಹೋಗದಿರಲೆಂದು 5 ಲೀಟರ್ ಹರಿವು ಇಟ್ಟು 2.5 ಶೇಕಡಾ ಕೊಡುತ್ತ ಹೋದರೆ ಇಪ್ಪತ್ತು ನಿಮಿಷಕ್ಕೆ ಹದಿನಾಲ್ಕು ಮಿಲಿಲೀಟರ್. ಅದೇ ಮಗುವಿಗೆ ಇಂಗಾಲದ ಡೈಆಕ್ಸೈಡನ್ನು ಹೀರುವ ಸೋಡಾ ಲೈಮ್ ಇರುವ, ಬಿಟ್ಟ ಉಸಿರನ್ನೇ ಮತ್ತೆ ಬಳಸುವ, ಮಕ್ಕಳ ಅಳತೆಯ ಸರ್ಕಲ್ ಸರ್ಕಿಟ್ ಹಾಕಿ ಹರಿವನ್ನು 1 ಲೀಟರಿಗೆ ಇಳಿಸಿದರೆ ಮೂರು ಮಿಲಿಲೀಟರಿಗಿಂತ ಕಡಿಮೆ. ಮೊದಲ ಕೆಲವು ನಿಮಿಷ ಹರಿವು ಹೆಚ್ಚೇ ಇಡಬೇಕಾಗುವುದರಿಂದ ವಾಸ್ತವದಲ್ಲಿ ಇನ್ನೊಂದೆರಡು ಮಿಲಿಲೀಟರ್ ಸೇರಿಸಿಕೊಳ್ಳಿ. ಆದರೂ 250 ಮಿಲಿಲೀಟರಿನ ಬಾಟಲಿ ಮೊದಲ ಪದ್ಧತಿಯಲ್ಲಿ ಹದಿಮೂರು ಮಕ್ಕಳಿಗೆ, ಎರಡನೆಯದರಲ್ಲಿ ಇಪ್ಪತ್ತೈದಕ್ಕೆ ಬರುತ್ತದೆ.

ಉಸಿರಿನ ಕೊಳವೆ ಹಾಕುವಾಗ ಮುಖವಾಡವನ್ನು ಮಂಚದ ಮೇಲಿಟ್ಟು, ವೇಪೊರೈಸರೂ ಹರಿವೂ ತೆರೆದೇ ಇರುವುದನ್ನು ಎಷ್ಟೋ ಕಡೆ ನೋಡಿದ್ದೇನೆ, ಆ ಅರ್ಧ ನಿಮಿಷ ಆ ಅನಿಲವೆಲ್ಲ ಹಾಸಿಗೆಯನ್ನು ಮಲಗಿಸುತ್ತಿರುತ್ತದೆ. ಮುಚ್ಚಬೇಕಾದದ್ದು ಹರಿವಿನ ಗುಬುಟು. ವೇಪೊರೈಸರನ್ನು ಹಾಗೆಯೇ ಬಿಟ್ಟರೆ ಮರಳಿ ಜೋಡಿಸಿದಾಗ ಅಳತೆಯೂ ತಪ್ಪುವುದಿಲ್ಲ.

ಯಾವ ಮಗುವಿಗೆ ಅನಿಲವೇ ಬೇಡ, ಯಾವ ಮಗುವಿಗೆ ಆ ದಿನ ಬೇಡ

ಹ್ಯಾಲೋಥೇನಿನಿಂದ ಡೆಸ್ಫ್ಲೂರೇನಿನವರೆಗೆ ಎಲ್ಲ ಆವಿಯ ಅರಿವಳಿಕೆಗಳಿಗೂ ಸಮಾನವಾದ ಒಂದು ಅಪಾಯವಿದೆ. ವಂಶದಲ್ಲಿ ಬರುವ ಒಂದು ಸ್ನಾಯುದೋಷ ಇರುವವರಲ್ಲಿ ಇವು ದೇಹದ ಉಷ್ಣವನ್ನೂ ಇಂಗಾಲದ ಡೈಆಕ್ಸೈಡನ್ನೂ ಕೈಮೀರಿ ಏರಿಸುತ್ತವೆ. ಅದರ ಮದ್ದು ಡ್ಯಾಂಟ್ರೊಲೀನ್, ನಮ್ಮ ಊರುಗಳ ಔಷಧದಂಗಡಿಯಲ್ಲಿ ಕೇಳಿದೊಡನೆ ಸಿಗುವ ವಸ್ತುವಲ್ಲ. ಡುಶೆನ್ ಎಂಬ ಸ್ನಾಯುಕ್ಷಯದಲ್ಲಿಯೂ ಇವು ಸ್ನಾಯುವನ್ನು ಒಡೆಯಬಲ್ಲವು. ಆದ್ದರಿಂದ ಮನೆಯಲ್ಲಿ ಯಾರಾದರೂ ಭೂಲ್ ಕೊಟ್ಟಾಗ ಮೈ ಸುಟ್ಟು ಸತ್ತದ್ದುಂಟೇ, ತಾಯಿಯ ತವರಿನಲ್ಲಿ ಸೋದರಮಾವನೋ ಅಣ್ಣತಮ್ಮಂದಿರೋ ಎಳೆಯ ವಯಸ್ಸಿನಲ್ಲೇ ನಡೆಯಲಾರದೆ ಹಾಸಿಗೆ ಹಿಡಿದದ್ದುಂಟೇ ಎಂದು ಕೇಳಬೇಕು. ತಂದೆಯನ್ನು ಕೇಳಿದರೆ ಸಾಲದು, ಈ ಸಂಗತಿ ತಾಯಿಗೇ ಗೊತ್ತಿರುತ್ತದೆ. ಉತ್ತರ ಹೌದಾದರೆ ಪ್ರೊಪೊಫಾಲ್ ಹನಿಯಿಂದಲೇ ಪೂರ್ತಿ ಅರಿವಳಿಕೆ ಕೊಡಬೇಕು, ಅದೂ ದೊಡ್ಡ ಆಸ್ಪತ್ರೆಯಲ್ಲಿ. ಮೆಳ್ಳಗಣ್ಣಿನ ಆಪರೇಷನ್ನಿನಂತೆ ವಾಂತಿ ಹೆಚ್ಚಿರುವ ಕೆಲಸಗಳಿಗೂ ಪ್ರೊಪೊಫಾಲ್ ಒಳ್ಳೆಯ ಬದಲಿ. ಅದರ ಅಡಚಣೆ ಸೂಜಿಯೊಂದೇ.

ನೆಗಡಿ, ಜ್ವರ, ಹಸಿರು ಸಿಂಬಳ ಇರುವ ಮಗುವಿಗೆ ಯಾವ ಅನಿಲವೂ ಸುರಕ್ಷಿತವಲ್ಲ. ಹರ್ನಿಯಾ ಸಿಕ್ಕಿಹಾಕಿಕೊಂಡಿಲ್ಲವಾದರೆ ಎರಡು ಮೂರು ವಾರ ಮುಂದೂಡುವುದೇ ಸರಿ. ಮುಂದೂಡಲಾಗದಿದ್ದರೆ ಸೆವೋಫ್ಲೂರೇನ್ ಅಥವಾ ಪ್ರೊಪೊಫಾಲ್, ಡೆಸ್ಫ್ಲೂರೇನಂತೂ ಅಲ್ಲವೇ ಅಲ್ಲ. ಮನೆಯೊಳಗೆ ಬೀಡಿ ಸೇದುವವರಿದ್ದರೆ ಮಗುವಿನ ಗಂಟಲು ಬಿಗಿಯುವ ಸಂಭವ ಹೆಚ್ಚು ಎಂಬುದನ್ನು ಅಜ್ಜಂದಿರಿಗೆ ಹೇಳಿದಾಗ ಅವರು ಮುಖ ತಿರುಗಿಸುತ್ತಾರೆ, ಆದರೂ ಹೇಳುತ್ತೇನೆ. ತಿಂಗಳು ತುಂಬದೆ ಹುಟ್ಟಿ, ಗರ್ಭದ ದಿನಗಳನ್ನೂ ಸೇರಿಸಿ ಇನ್ನೂ 60 ವಾರ ತುಂಬದ ಕೂಸಿಗೆ ಅರಿವಳಿಕೆಯ ನಂತರ ಉಸಿರು ನಿಲ್ಲುವ ಭಯವಿರುವುದರಿಂದ ಅದನ್ನು ಅಂದು ಸಂಜೆ ಮನೆಗೆ ಕಳಿಸುವಂತಿಲ್ಲ, ಅನಿಲ ಯಾವುದೇ ಇರಲಿ.

ಮೊಬೈಲಿನಲ್ಲಿ ಬಂದ ಸಂದೇಶ ತೋರಿಸಿ “ಮಿದುಳು ಮಂದ ಆಗತೈತಂತಲ್ರಿ” ಎಂದು ಕೇಳುವ ಪಾಲಕರು ಈಗ ಹೆಚ್ಚಾಗಿದ್ದಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರ ಡಿಸೆಂಬರಿನಲ್ಲಿ ಎಚ್ಚರಿಕೆ ಕೊಟ್ಟದ್ದು ನಿಜ. ಅದು ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆ ಮೀರಿದ ಅಥವಾ ಪದೇ ಪದೇ ಕೊಡುವ ಅರಿವಳಿಕೆಯ ಬಗ್ಗೆ. ಹರ್ನಿಯಾ ಆಪರೇಷನ್ನಿಗೆ ಒಂದು ಗಂಟೆಗಿಂತ ಕಡಿಮೆ ಸೆವೋಫ್ಲೂರೇನ್ ಪಡೆದ ಎಳೆಗೂಸುಗಳನ್ನು, ಎಚ್ಚರವಿದ್ದೇ ಬೆನ್ನಿನ ಚುಚ್ಚುಮದ್ದಿನಲ್ಲಿ ಅದೇ ಆಪರೇಷನ್ ಮಾಡಿಸಿಕೊಂಡವರೊಡನೆ ಹೋಲಿಸಿದ, ಹಲವು ದೇಶಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಐದನೆಯ ವರ್ಷದಲ್ಲಿ ಬುದ್ಧಿ ಅಳೆದಾಗ ಎರಡೂ ಗುಂಪುಗಳು ಸಮಾನವಾಗಿದ್ದವು.

ಹಿಂದಿನ ರಾತ್ರಿಯಿಂದ ಮರಳುವ ದಾರಿಯವರೆಗೆ

ಅತಿ ಒಳ್ಳೆಯ ಅನಿಲವನ್ನೂ ಒಂದು ಬಿಸ್ಕೀಟು ಕೆಡಿಸಬಲ್ಲದು. ರೊಟ್ಟಿ, ಅನ್ನ, ಹಸುವಿನ ಅಥವಾ ಎಮ್ಮೆಯ ಹಾಲಿಗೆ ಆರು ಗಂಟೆ, ಎದೆಹಾಲಿಗೆ ನಾಲ್ಕು, ಬರೀ ನೀರು, ಸಕ್ಕರೆ ನೀರಿಗೆ ಎರಡು ಗಂಟೆ ಬಿಡಬೇಕು. ಮಜ್ಜಿಗೆ ಹಾಲಿನ ಲೆಕ್ಕಕ್ಕೆ ಸೇರುತ್ತದೆ, ನೀರಿನದಕ್ಕಲ್ಲ. ಚಹಾ ಕೂಡ ಹಾಗೆಯೇ. “ಊಟ ಏನೂ ಕೊಟ್ಟಿಲ್ರಿ, ಒಂದ ಬಿಸ್ಕೀಟ ಅಷ್ಟ” ಎಂಬ ಮಾತು ಕೇಳಿದರೆ ಆ ಆಪರೇಷನ್ ಮಧ್ಯಾಹ್ನಕ್ಕೆ ಹೋಯಿತೆಂದೇ ತಿಳಿಯಬೇಕು. ಹಾಗೆಂದು ಹಿಂದಿನ ರಾತ್ರಿಯಿಂದಲೇ ನೀರೂ ಕೊಡದೆ ಇಡುವುದು ಇನ್ನೊಂದು ತಪ್ಪು. ವಿಜಯಪುರದ ಬೇಸಿಗೆಯಲ್ಲಿ ಹಾಗೆ ಒಣಗಿ ಬಂದ ಕೂಸಿನ ರಕ್ತದೊತ್ತಡ ಸೆವೋಫ್ಲೂರೇನ್ ಕೊಟ್ಟೊಡನೆ ಇಳಿಯುತ್ತದೆ, ಸೂಜಿಗೆ ನರವೂ ಸಿಗುವುದಿಲ್ಲ. ಪಟ್ಟಿಯಲ್ಲಿ ಅತಿ ಚಿಕ್ಕ ಮಗುವನ್ನು ಮೊದಲು ತೆಗೆದುಕೊಳ್ಳಿ ಎಂದು ಶಸ್ತ್ರವೈದ್ಯರೊಡನೆ ಜಗಳವಾಡಿಯಾದರೂ ಸಾಧಿಸಬೇಕು.

ಖಾನಾಪುರದವರು ಇಪ್ಪತ್ತೈದು ಕಿಲೋಮೀಟರಿನಲ್ಲಿ ಮನೆ ಸೇರುತ್ತಾರೆ, ಅಥಣಿ ಕಡೆಯವರಿಗೆ ಅದು ಅರ್ಧ ದಿನದ ಪ್ರಯಾಣ. ಟಾನ್ಸಿಲ್ ತೆಗೆಸಿಕೊಂಡ ಮಗು ದೂರದ ಊರಿನದಾದರೆ, ರಾತ್ರಿ ರಕ್ತ ಬಂದರೆ ಹತ್ತಿರ ಆಸ್ಪತ್ರೆಯಿಲ್ಲದಿದ್ದರೆ, ಅದು ಪೂರ್ತಿ ಎಚ್ಚರವಿದ್ದರೂ ಅಂದು ಇಲ್ಲಿಯೇ ಮಲಗಲಿ ಎನ್ನುತ್ತೇನೆ. ಹರ್ನಿಯಾದ ಮಗು ಹೆಸರು ಹೇಳಿ, ನೀರು ಕುಡಿದು ವಾಂತಿಯಾಗದೆ, ತನ್ನ ವಯಸ್ಸಿಗೆ ತಕ್ಕಂತೆ ಎದ್ದು ಕೂತರೆ ಕಳಿಸುತ್ತೇನೆ. ಕಾಡಲ್ ಬ್ಲಾಕಿನಿಂದ ಕಾಲು ಇನ್ನೂ ಜೋಲುತ್ತಿದ್ದರೆ ಓಡಲು ಬಿಡಬೇಡಿ ಎಂದು ಹೇಳಿ. ಹೊರಡುವಾಗ ಗೇಟಿನ ತನಕ ಹೋಗಿ ನೋಡುವ ಅಭ್ಯಾಸ ನನಗೆ ಬಂದದ್ದು ಒಂದು ಕಾರಣಕ್ಕೆ. ನಮ್ಮಲ್ಲಿ ಮಕ್ಕಳನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸುವ ರೂಢಿ ಇದೆ, ಮತ್ತು ಯಾವ ಅನಿಲ ಪಡೆದ ಮಗುವೇ ಆಗಲಿ ಆ ಸಂಜೆ ಗಾಳಿಗೆ ತೂಕಡಿಸುತ್ತದೆ. ತಲೆ ಎದೆಗೆ ಬಾಗಿದರೆ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಮಗು ದೊಡ್ಡವರ ತೊಡೆಯ ಮೇಲೆ, ಮುಖ ಕಾಣುವಂತೆ, ಬಸ್ಸಿನಲ್ಲೋ ಕಾರಿನಲ್ಲೋ ಹೋಗಬೇಕು, ಜೊತೆಗೆ ಇಬ್ಬರು ದೊಡ್ಡವರಿರಬೇಕು: ಒಬ್ಬರು ಚೀಲ ಹಿಡಿಯಲು, ಒಬ್ಬರು ಮಗುವಿನ ಮುಖ ನೋಡುತ್ತ ಕೂರಲು.